ಅಕ್ಷರಗಳನ್ನು ಎಣಿಸಿದ ಇಮಾಮ್ ಖಲೀಲ್

ಪ್ರಥಮ ಪಿಯುಸಿ ಗಣಿತದಲ್ಲಿ ಪರ್ಮ್ಯುಟೇಷನ್ ಪಾಠ ಓದಿದವರಿಗೆಲ್ಲ ರೋಸ್ ಲೆಕ್ಕ ನೆನಪಿರುತ್ತದೆ. ಆರ್, ಒ, ಎಸ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು, ಯಾವುದನ್ನೂ ಎರಡು ಸಲ ಬಳಸದೆ, ಎಷ್ಟು ರೀತಿಯಲ್ಲಿ ಜೋಡಿಸಬಹುದು ಎಂಬುದು ಪ್ರಶ್ನೆ. ಅರ್ಥ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಾಲ್ಕು, ಮೂರು, ಎರಡು, ಒಂದು ಇವನ್ನು ಗುಣಿಸಿದರೆ 24. ಅಲ್ಲಿಗೆ ಲೆಕ್ಕ ಮುಗಿಯಿತು.

ಆದರೆ ಆ 24ರಲ್ಲಿ ನಿಜವಾಗಿ ಇಂಗ್ಲಿಷ್ ಪದಗಳಾಗಿರುವವು ಎಷ್ಟು ಎಂದು ಗಣಿತ ಪುಸ್ತಕ ಕೇಳುವುದಿಲ್ಲ. ಅದನ್ನು ತಿಳಿಯಲು ನಾನು ನಿಘಂಟು ಹಿಡಿದು ಕೂತೆ. ಗುಲಾಬಿ ಎಂಬ ಅರ್ಥದ ರೋಸ್ ಇದೆ. ನೋಯುತ್ತಿರುವ ಎಂಬ ಅರ್ಥದ ಸೋರ್ ಇದೆ. ಅದಿರುಗಳು ಎಂಬ ಅರ್ಥದ ಓರ್ಸ್ ಇದೆ. ಇನ್ನೊಂದು ಸ್ಪೆಲಿಂಗಿನ ರೋಸ್ ಕೂಡ ಇದೆ, ಅದರ ಅರ್ಥ ಮೀನಿನ ತತ್ತಿಗಳು. ನಮ್ಮೂರ ಹಿನ್ನೀರಿನ ಮೀನಿನ ಹೊಟ್ಟೆಯಲ್ಲಿ ಸಿಗುವ ತತ್ತಿಗೆ ಇಂಗ್ಲಿಷಿನಲ್ಲಿ ಇಂಥದೊಂದು ಹೆಸರಿದೆ ಎಂದು ನನಗೆ ತಿಳಿದದ್ದು ಗಣಿತದ ಲೆಕ್ಕದಿಂದ. ಹೀಗೆ ಬೆರಳೆಣಿಕೆಯ ಪದಗಳು ಸಿಕ್ಕವು. ಉಳಿದವು ಬರೀ ಅಕ್ಷರಗಳ ಗುಂಪು.

ಒಂದಿಷ್ಟು ಅಕ್ಷರಗಳನ್ನು ತೆಗೆದುಕೊಂಡು, ಅವುಗಳ ಎಲ್ಲ ಜೋಡಣೆಗಳನ್ನೂ ಬರೆದು, ಯಾವುದು ಜನರ ಬಾಯಲ್ಲಿದೆ, ಯಾವುದು ಇಲ್ಲ ಎಂದು ಬೇರೆ ಮಾಡುವ ಈ ಕೆಲಸವನ್ನು ಒಂದಿಡೀ ಭಾಷೆಗೆ ಮಾಡಲು ಹೊರಟವರೊಬ್ಬರಿದ್ದರು. ಅವರು ಬದುಕಿದ್ದು ಇಂದಿಗೆ ಸುಮಾರು 1250 ವರ್ಷಗಳ ಹಿಂದೆ. ಹೆಸರು ಅಬೂ ಅಬ್ದುರ್ರಹ್ಮಾನ್ ಅಲ್‌ಖಲೀಲ್ ಇಬ್ನ್ ಅಹ್ಮದ್ ಅಲ್‌ಫರಾಹೀದಿ. ಮದ್ರಸದ ಪುಸ್ತಕಗಳಲ್ಲಿ ಇವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಇವರ ಬದುಕಿನ ಕಥೆ ಕಾಲೇಜು ವಿದ್ಯಾರ್ಥಿಗಳಾದ ನಮಗೆ, ಅದರಲ್ಲೂ ಇಂಗ್ಲಿಷ್ ಎಂದರೆ ಎದೆ ಢವಢವ ಎನ್ನುವವರಿಗೆ, ತಿಳಿದಿರಬೇಕು ಎಂದು ನನಗೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಒಮಾನ್‌ನಿಂದ ಬಸ್ರಾಕ್ಕೆ

ಇಮಾಮ್ ಖಲೀಲ್ ಹುಟ್ಟಿದ್ದು ಹಿಜರಿ 100ರ ಸುಮಾರಿಗೆ, ಅಂದರೆ ಕ್ರಿ.ಶ. 718ರ ಆಸುಪಾಸಿನಲ್ಲಿ, ಒಮಾನ್ ಪ್ರದೇಶದಲ್ಲಿ. ಅಜ್ದ್ ಬುಡಕಟ್ಟಿನ ಫರಾಹೀದ್ ಶಾಖೆಗೆ ಸೇರಿದ ಮನೆತನ. ಪ್ರವಾದಿ ಮುಹಮ್ಮದ್ (ಸ) ಅವರ ನಂತರ ಅಹ್ಮದ್ ಎಂಬ ಹೆಸರು ಪಡೆದ ಮೊದಲಿಗರು ಖಲೀಲರ ತಂದೆ ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಖಲೀಲ್ ಬೆಳೆದದ್ದು, ಓದಿದ್ದು, ಪಾಠ ಹೇಳಿದ್ದು, ಕೊನೆಯುಸಿರೆಳೆದದ್ದು ಇಂದಿನ ಇರಾಕ್‌ನ ಬಸ್ರಾ ನಗರದಲ್ಲಿ.

ಬಸ್ರಾ ಖಲೀಫ ಉಮರ್ (ರ) ಅವರ ಕಾಲದಲ್ಲಿ ಸೈನ್ಯದ ಬಿಡಾರವಾಗಿ ಹುಟ್ಟಿದ ಊರು. ನೂರು ವರ್ಷಗಳಲ್ಲಿ ಅದು ದೊಡ್ಡ ಬಂದರು ಪೇಟೆಯಾಯಿತು, ವಿದ್ವಾಂಸರ ಊರೂ ಆಯಿತು. ಅರಬ್ಬರು, ಪರ್ಷಿಯನ್ನರು, ದೂರದ ದೇಶಗಳ ವ್ಯಾಪಾರಿಗಳು ಅಲ್ಲಿ ಸೇರುತ್ತಿದ್ದರು. ಹುಟ್ಟಿನಿಂದ ಅರಬ್ಬಿ ಬಾರದ ಸಾವಿರಾರು ಜನ ಇಸ್ಲಾಮಿಗೆ ಬಂದಿದ್ದರು. ಕುರ್‌ಆನ್ ಓದುವಾಗ ಅವರು ತಪ್ಪದಂತೆ ನೋಡಿಕೊಳ್ಳಬೇಕಾಗಿತ್ತು. ಅರಬ್ಬಿ ವ್ಯಾಕರಣವೆಂಬ ಶಾಸ್ತ್ರ ಬೆಳೆದುಬಂದದ್ದರ ಹಿಂದೆ ಈ ಅಗತ್ಯವಿತ್ತು.

ಖಲೀಲ್ ಅಯ್ಯೂಬ್ ಅಲ್‌ಸಖ್ತಿಯಾನಿ ಅವರಿಂದ ಹದೀಸ್ ಕಲಿತರು. ಅಬೂ ಅಮ್ರ್ ಇಬ್ನ್ ಅಲ್‌ಅಲಾ ಮತ್ತು ಈಸಾ ಇಬ್ನ್ ಉಮರ್ ಅವರಿಂದ ಭಾಷೆಯನ್ನು ಕಲಿತರು. ಪೇಟೆ ಸೇರಿದ ಮೇಲೆ ಅರಬ್ಬಿ ಕೆಡುತ್ತದೆ ಎಂಬ ಭಾವನೆ ಆಗಿನ ವಿದ್ವಾಂಸರಲ್ಲಿತ್ತು. ಆದ್ದರಿಂದ ಅವರು ಮರಳುಗಾಡಿನ ಬದೂಯಿಗಳ ಮಾತನ್ನು ಕೇಳಿ ಕಲಿಯುತ್ತಿದ್ದರು. ಒಂಟೆ ಕಾಯುವವರು ಭಾಷೆಯ ಗುರುಗಳಾದರು.

ಅಕ್ಷರದ ಮೇಲಿನ ಗುರುತುಗಳು

ನಾವು ಮದ್ರಸದಲ್ಲಿ ಮೊದಲ ದಿನ ಕಲಿಯುವ ಜಬರ್, ಜೇರ್, ಪೇಶ್ ಗುರುತುಗಳ ಹಿಂದೆಯೂ ಖಲೀಲರ ಕೈ ಇದೆ. ಅವರಿಗಿಂತ ಮೊದಲು ಅಬುಲ್ ಅಸ್ವದ್ ಅಲ್‌ದುಅಲಿ ಅವರ ಪದ್ಧತಿಯಲ್ಲಿ ಸ್ವರಗಳನ್ನು ಬೇರೆ ಬಣ್ಣದ ಮಸಿಯ ಚುಕ್ಕೆಗಳಿಂದ ತೋರಿಸುತ್ತಿದ್ದರು. ಎರಡು ಬಣ್ಣದ ಮಸಿ ಇಟ್ಟುಕೊಳ್ಳಬೇಕು, ಅಕ್ಷರದ ಚುಕ್ಕೆಗೂ ಸ್ವರದ ಚುಕ್ಕೆಗೂ ಗೊಂದಲವಾಗದಂತೆ ನೋಡಬೇಕು. ಖಲೀಲ್ ಅಕ್ಷರಗಳನ್ನೇ ಚಿಕ್ಕದಾಗಿಸಿ ಗುರುತು ಮಾಡಿದರು. ಪೇಶ್ ಎಂಬುದು ಒಂದು ಪುಟ್ಟ ವಾವ್. ಜಬರ್ ಎಂಬುದು ಅಡ್ಡ ಮಲಗಿಸಿದ ಪುಟ್ಟ ಅಲಿಫ್. ತಶ್ದೀದ್ ಎಂಬುದು ಶೀನ್ ಅಕ್ಷರದ ತಲೆ. ಹಮ್ಜಾ ಎಂಬುದು ಐನ್ ಅಕ್ಷರದ ತಲೆ. ಇನ್ನು ಒಂದೇ ಮಸಿ ಸಾಕು. ಜಗತ್ತಿನ ಎಲ್ಲೆಡೆ ಮಕ್ಕಳು ಕುರ್‌ಆನ್ ಓದಲು ಕಲಿಯುವಾಗ ಈ ಸರಳ ಉಪಾಯ ಇಂದಿಗೂ ಕೆಲಸ ಮಾಡುತ್ತಿದೆ.

ಸುತ್ತಿಗೆಯ ತಾಳ

ಖಲೀಲ್ ಹಜ್‌ಗೆ ಹೋದಾಗ, ಯಾರಿಗೂ ಇದುವರೆಗೆ ಸಿಗದ ಒಂದು ವಿದ್ಯೆಯನ್ನು ತನಗೆ ಕೊಡು ಎಂದು ಮಕ್ಕಾದಲ್ಲಿ ದುಆ ಮಾಡಿದರು ಎಂದು ಚರಿತ್ರೆಕಾರರು ಹೇಳುತ್ತಾರೆ. ಊರಿಗೆ ಮರಳಿದ ಮೇಲೆ ಅವರಿಗೆ ಹೊಳೆದದ್ದು ಅರಬ್ಬಿ ಪದ್ಯಗಳ ಛಂದಸ್ಸಿನ ಶಾಸ್ತ್ರ, ಅರೂಜ್. ಬಸ್ರಾದ ತಾಮ್ರದ ಪಾತ್ರೆ ಮಾಡುವವರ ಬೀದಿಯಲ್ಲಿ ನಡೆಯುವಾಗ ಸುತ್ತಿಗೆಗಳ ಸದ್ದು ಕೇಳಿ ಅವರಿಗೆ ತಾಳದ ಲೆಕ್ಕ ಹೊಳೆಯಿತು ಎಂಬ ಕಥೆಯೂ ಇದೆ. ಅವರು 15 ಛಂದಸ್ಸುಗಳನ್ನು ಗುರುತಿಸಿ ಐದು ವೃತ್ತಗಳಲ್ಲಿ ಜೋಡಿಸಿದರು. ಒಂದು ವೃತ್ತದ ಸುತ್ತ ಲಘು, ದೀರ್ಘಗಳ ಒಂದೇ ಸಾಲು ಇರುತ್ತದೆ. ಎಲ್ಲಿಂದ ಓದಲು ಶುರು ಮಾಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ಛಂದಸ್ಸು ಸಿಗುತ್ತದೆ. ನಂತರ ಅಲ್‌ಅಖ್ಫಶ್ ಎಂಬ ವಿದ್ವಾಂಸರು ಹದಿನಾರನೆಯದನ್ನು ಸೇರಿಸಿದರು.

ಹತ್ತನೇ ತರಗತಿಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿದ ನಮಗೆ ಇದು ಹೊಸದಲ್ಲ. ಸುಮಾರು ಕ್ರಿ.ಶ. 990ರಲ್ಲಿ ನಾಗವರ್ಮ ಕನ್ನಡಕ್ಕೆ ಛಂದೋಂಬುಧಿ ಬರೆದ. ಖಲೀಲ್ ಅದಕ್ಕೂ ಇನ್ನೂರು ವರ್ಷ ಮುಂಚೆ ಅರಬ್ಬಿಗೆ ಅಂಥ ಕೆಲಸ ಮಾಡಿದ್ದರು. ಮನೆಯಲ್ಲಿ ಅವರು ಪದ್ಯವನ್ನು ತುಂಡು ತುಂಡಾಗಿ, ಅರ್ಥವಿಲ್ಲದ ಸದ್ದುಗಳಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ಕೇಳಿದ ಮಗ, ಅಪ್ಪನಿಗೆ ಹುಚ್ಚು ಹಿಡಿದಿದೆ ಎಂದು ಹೊರಗೆ ಓಡಿದನಂತೆ. ಗಟ್ಟಿಯಾಗಿ ಬಾಯಿಪಾಠ ಮಾಡಿ ಮನೆಯವರಿಂದ ಬೈಸಿಕೊಂಡವರಿಗೆ ಈ ಕಥೆ ಸಮಾಧಾನ ತರಬಹುದು.

ಒಂದು ಕೋಟಿ ಇಪ್ಪತ್ತಮೂರು ಲಕ್ಷ

ಖಲೀಲರ ದೊಡ್ಡ ಕೆಲಸ ಕಿತಾಬ್ ಅಲ್‌ಐನ್ ಎಂಬ ನಿಘಂಟು. ಅರಬ್ಬಿಯ ಮೊದಲ ನಿಘಂಟು ಅದು. ಅರಬ್ಬಿಯ ಎಲ್ಲ ಪದಗಳನ್ನೂ ಒಂದೂ ಬಿಡದಂತೆ ಹಿಡಿಯಬೇಕು ಎಂಬುದು ಅವರ ಆಸೆ. ಕೇಳಿದ ಪದಗಳನ್ನೆಲ್ಲ ಬರೆಯುತ್ತ ಹೋದರೆ ಯಾವುದು ಬಿಟ್ಟುಹೋಯಿತು ಎಂದು ತಿಳಿಯುವುದು ಹೇಗೆ? ಅದಕ್ಕೆ ಅವರು ಲೆಕ್ಕದ ದಾರಿ ಹಿಡಿದರು.

ಅರಬ್ಬಿ ಪದದ ಬೇರಿನಲ್ಲಿ ಎರಡರಿಂದ ಐದು ಅಕ್ಷರಗಳಿರುತ್ತವೆ. ಎರಡು ಅಕ್ಷರಗಳನ್ನು 2 ರೀತಿ, ಮೂರನ್ನು 6 ರೀತಿ, ನಾಲ್ಕನ್ನು 24 ರೀತಿ, ಐದನ್ನು 120 ರೀತಿ ಜೋಡಿಸಬಹುದು. ಅರಬ್ಬಿಯ 28 ಅಕ್ಷರಗಳಿಂದ, ಒಂದೇ ಅಕ್ಷರ ಮತ್ತೆ ಬರದಂತೆ, ಎರಡಕ್ಷರದ ಜೋಡಣೆಗಳು 756, ಮೂರಕ್ಷರದವು 19,656, ನಾಲ್ಕಕ್ಷರದವು 4,91,400, ಐದಕ್ಷರದವು 1,17,93,600. ಒಟ್ಟು 1,23,05,412. ಖಲೀಲರ ಹೆಸರಿನಲ್ಲಿ ಹಳೆಯ ಪುಸ್ತಕಗಳು ಕೊಡುವ ಸಂಖ್ಯೆ ಇದೇ. ನಾನು ಕ್ಯಾಲ್ಕುಲೇಟರಿನಲ್ಲಿ ಕೂಡಿ ನೋಡಿದೆ, ಒಂದಂಕಿಯೂ ಹೆಚ್ಚುಕಡಿಮೆ ಇಲ್ಲ. ನೀವೂ 28ನ್ನು 27ರಿಂದ ಗುಣಿಸುವುದರಿಂದ ಶುರು ಮಾಡಿ ನೋಡಿ.

ಈ ಗಣಿತ ನಮ್ಮ ನಾಡಿಗೂ ಹಳೆಯದು. ರಾಷ್ಟ್ರಕೂಟರ ದೊರೆ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆಯ್ಕೆ ಮಾಡುವ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದಾರೆ. ನಾವು ಇಂದು ಕಾಂಬಿನೇಷನ್ ಎಂದು ಬರೆಯುವ ಸೂತ್ರ ಅದೇ.

ಹೀಗೆ ಎಲ್ಲ ಜೋಡಣೆಗಳ ಪಟ್ಟಿ ಸಿಕ್ಕಿದ ಮೇಲೆ ಖಲೀಲ್ ಅವನ್ನು ಎರಡು ಭಾಗ ಮಾಡಿದರು. ಜನರ ಬಳಕೆಯಲ್ಲಿ ಇರುವುದು ಮುಸ್ತಅಮಲ್. ಬಳಕೆಯಲ್ಲಿ ಇಲ್ಲದ್ದು ಮುಹ್ಮಲ್. ಒಂದೇ ಅಕ್ಷರಗಳಿಂದ ಆದ ಪದಗಳೆಲ್ಲ ಅವರ ನಿಘಂಟಿನಲ್ಲಿ ಒಂದೇ ಮನೆಯಲ್ಲಿ ಇರುತ್ತವೆ. ಐನ್, ಲಾಮ್, ಮೀಮ್ ಎಂಬ ಮೂರನ್ನು ತೆಗೆದುಕೊಳ್ಳಿ. ಒಂದು ಸಾಲಿನಲ್ಲಿಟ್ಟರೆ ಇಲ್ಮ್, ಅಂದರೆ ಜ್ಞಾನ. ಸಾಲು ಬದಲಿಸಿದರೆ ಅಮಲ್, ಅಂದರೆ ಕೆಲಸ, ಆಚರಣೆ. ಮತ್ತೆ ಬದಲಿಸಿದರೆ ಹೊಳಪು ಎಂಬ ಅರ್ಥ. ಇಲ್ಮ್ ಇದ್ದರೆ ಸಾಲದು, ಅಮಲ್ ಬೇಕು ಎಂದು ಉಸ್ತಾದರು ಬಯಾನ್‌ನಲ್ಲಿ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಎರಡೂ ಒಂದೇ ಮೂರು ಅಕ್ಷರಗಳು ಎಂದು ನನಗೆ ಹೊಳೆದದ್ದು ಈ ನಿಘಂಟಿನ ಬಗ್ಗೆ ಓದಿದಾಗ.

ಕಾಫ್, ಲಾಮ್, ಮೀಮ್ ಕೂಡ ಹಾಗೆ. ಮಾತು ಎಂಬ ಅರ್ಥದ ಕಲಿಮಾ, ಪೂರ್ಣತೆ ಎಂಬ ಅರ್ಥದ ಕಮಾಲ್, ಒಡೆಯ ಎಂಬ ಅರ್ಥದ ಮಾಲಿಕ್ ಇವೆಲ್ಲ ಆ ಮೂರರಿಂದಲೇ. ಹತ್ತನೇ ಶತಮಾನದ ವ್ಯಾಕರಣಕಾರ ಇಬ್ನ್ ಜಿನ್ನಿ ಇವುಗಳ ಆರು ಜೋಡಣೆಗಳಲ್ಲಿ ಐದು ಬಳಕೆಯಲ್ಲಿವೆ, ಲಾಮ್ ಮೀಮ್ ಕಾಫ್ ಎಂಬ ಒಂದು ಮಾತ್ರ ಬಿಟ್ಟುಹೋಗಿದೆ ಎಂದು ಲೆಕ್ಕ ಕೊಟ್ಟಿದ್ದಾರೆ.

ಈ ಪದಗಳು ನಮ್ಮ ಕನ್ನಡಕ್ಕೂ ಬಂದಿವೆ. ಹೊಲದ ಮಾಲೀಕ, ಮಾಮೂಲಿ ಮಾತು ಇವೆಲ್ಲ ಆ ಬೇರುಗಳವೇ. ಮೈಸೂರು ಸಂಸ್ಥಾನದ ಕಾಲದಲ್ಲಿ ತಾಲ್ಲೂಕಿನ ಅಧಿಕಾರಿಯನ್ನು ಅಮಲ್ದಾರ ಎನ್ನುತ್ತಿದ್ದರು. ಅಂದರೆ ಅಮಲ್ ಮಾಡುವವನು, ಜಾರಿಗೆ ತರುವವನು. ಉರ್ದು ಮನೆಮಾತಿನವರು ದಿನಕ್ಕೆ ಹತ್ತು ಸಲ ಹೇಳುವ ಇಸ್ತೇಮಾಲ್ ಅದೇ ಬೇರಿನದು. ಖಲೀಲ್ ಬಳಸಿದ ಮುಸ್ತಅಮಲ್ ಕೂಡ ಅದರ ಒಡಹುಟ್ಟಿದ್ದು.

ಗಂಟಲಿನಿಂದ ತುಟಿಗೆ

ಅವರು ಅಕ್ಷರಗಳನ್ನು ಅಲಿಫ್, ಬೇ ಎಂಬ ಸಾಲಿನಲ್ಲಿ ಇಡಲಿಲ್ಲ. ಬಾಯಲ್ಲಿ ಸದ್ದು ಎಲ್ಲಿ ಹುಟ್ಟುತ್ತದೆ ಎಂದು ನೋಡಿದರು. ಗಂಟಲಿನ ಆಳದ ಸದ್ದು ಮೊದಲು, ತುಟಿಯ ಸದ್ದು ಕೊನೆಗೆ. ಹಮ್ಜಾ ನಿಲ್ಲದೆ ಬದಲಾಗುವ ಸದ್ದು ಎಂದು ಅದನ್ನು ಬಿಟ್ಟು ಐನ್‌ನಿಂದ ಶುರು ಮಾಡಿದರು. ಅದಕ್ಕೇ ಪುಸ್ತಕದ ಹೆಸರು ಕಿತಾಬ್ ಅಲ್‌ಐನ್. ಐನ್ ಇರುವ ಎಲ್ಲ ಜೋಡಣೆಗಳೂ ಮೊದಲ ಅಧ್ಯಾಯದಲ್ಲೇ ಮುಗಿಯುತ್ತವೆ. ಆದ್ದರಿಂದ ಮುಂದೆ ಹೋದಂತೆ ಅಧ್ಯಾಯಗಳು ಚಿಕ್ಕದಾಗುತ್ತವೆ.

ಕನ್ನಡದ ವರ್ಗಾಕ್ಷರಗಳೂ ಹೀಗೆಯೇ ಇವೆ. ಕ ವರ್ಗ ಗಂಟಲಿನ ಹತ್ತಿರ, ಪ ವರ್ಗ ತುಟಿಯಲ್ಲಿ. ತಜ್ವೀದ್ ಕಲಿತವರಿಗೆ ಮಖ್ರಜ್ ಎಂಬ ಪದ ಗೊತ್ತು, ಅಕ್ಷರ ಹೊರಡುವ ಜಾಗ. ಮಖ್ರಜ್‌ಗಳು 17 ಎಂಬ ಎಣಿಕೆಯನ್ನು ತಜ್ವೀದ್ ವಿದ್ವಾಂಸರು ಖಲೀಲರದೆಂದೇ ಹೇಳುತ್ತಾರೆ.

ಇಂಗ್ಲಿಷಿನ ಕಷ್ಟ ಎಲ್ಲಿದೆ ಎಂಬುದು ಇಲ್ಲಿ ನನಗೆ ತಿಳಿಯಿತು. ಕೇಳು ಎಂಬ ಅರ್ಥದ ಲಿಸನ್, ಮೌನ ಎಂಬ ಅರ್ಥದ ಸೈಲೆಂಟ್ ಎರಡಕ್ಕೂ ಅವೇ ಆರು ಅಕ್ಷರಗಳು. ಆದರೆ ಲಿಸನ್‌ನಲ್ಲಿ ಟಿ ಬಾಯಿಗೆ ಬರುವುದೇ ಇಲ್ಲ. ಬಾಯಿ ಒಂದು ಹೇಳುತ್ತದೆ, ಕಾಗದ ಒಂದು ಹೇಳುತ್ತದೆ. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವರು ಇಂಗ್ಲಿಷ್ ಓದುವಾಗ ಎಡವುವುದು ದಡ್ಡತನದಿಂದಲ್ಲ.

ಒಣರೊಟ್ಟಿ ಮತ್ತು ಪರ್ಷಿಯಾದ ಶಿಷ್ಯ

ಇಷ್ಟು ವಿದ್ಯೆ ಇದ್ದ ಖಲೀಲ್ ಬಸ್ರಾದಲ್ಲಿ ಜೊಂಡಿನ ಗುಡಿಸಲಿನಲ್ಲಿದ್ದರು. ಅವರ ವಿದ್ಯೆಯಿಂದ ಶಿಷ್ಯರು ಹಣ ಸಂಪಾದಿಸುತ್ತಿದ್ದರೆ ಅವರ ಕೈಯಲ್ಲಿ ಎರಡು ಕಾಸೂ ಇರುತ್ತಿರಲಿಲ್ಲ ಎಂದು ಶಿಷ್ಯ ನಜ್ರ್ ಇಬ್ನ್ ಶುಮೈಲ್ ನೆನೆದಿದ್ದಾರೆ. ಅಹ್ವಾಜ್ ಪ್ರಾಂತ್ಯದ ಆಡಳಿತಗಾರ ಸುಲೈಮಾನ್ ಇಬ್ನ್ ಹಬೀಬ್ ತನ್ನ ಬಳಿ ಬಂದಿರುವಂತೆ ಕರೆ ಕಳಿಸಿದಾಗ, ಖಲೀಲ್ ದೂತನ ಮುಂದೆ ಒಣರೊಟ್ಟಿ ತಂದಿಟ್ಟು, ಇದು ಇರುವವರೆಗೆ ತನಗೆ ಸುಲೈಮಾನನ ಅಗತ್ಯವಿಲ್ಲ ಎಂದು ತಿಳಿಸಿದರಂತೆ. ಸಿಟ್ಟಾದ ಆತ ಮೊದಲಿನಿಂದ ಕೊಡುತ್ತಿದ್ದ ಸಂಭಾವನೆಯನ್ನೂ ನಿಲ್ಲಿಸಿದ. ಆಮೇಲೆ ನಾಚಿ ಇಮ್ಮಡಿ ಮಾಡಿದ.

ಅವರ ಶಿಷ್ಯರಲ್ಲಿ ಎಲ್ಲರಿಗಿಂತ ಹೆಸರಾದವರು ಸೀಬವೈಹಿ. ಇವರು ಶೀರಾಜ್ ಹತ್ತಿರದ ಪರ್ಷಿಯನ್ನರು. ಅರಬ್ಬಿ ಇವರ ಮನೆಮಾತಲ್ಲ. ಬಸ್ರಾಕ್ಕೆ ಹದೀಸ್ ಕಲಿಯಲು ಬಂದಿದ್ದಾಗ ಗುರು ಹಮ್ಮಾದ್ ಇಬ್ನ್ ಸಲಮಾ ಅವರ ಮುಂದೆ ಒಂದು ವಾಕ್ಯ ಓದುವಾಗ ವ್ಯಾಕರಣ ತಪ್ಪಿತು. ಎಲ್ಲರೆದುರು ತಿದ್ದಿಸಿಕೊಂಡ ಆ ಹುಡುಗ, ಇನ್ನು ಯಾರೂ ತನ್ನ ಮಾತಿನಲ್ಲಿ ತಪ್ಪು ಹಿಡಿಯದ ಹಾಗೆ ಕಲಿಯುತ್ತೇನೆ ಎಂದು ನಿರ್ಧರಿಸಿ ಖಲೀಲರ ಬಳಿ ಬಂದ. ಖಲೀಲ್ ಅವನ ಉಚ್ಚಾರಣೆ ಕೇಳಿ ನಗಲಿಲ್ಲ. ಎಷ್ಟು ಸಲ ಬಂದರೂ ಬೇಸರವಾಗದ ಅತಿಥಿ ಎಂದು ಬರಮಾಡಿಕೊಳ್ಳುತ್ತಿದ್ದರು. ಮುಂದೆ ಅರಬ್ಬಿಯ ಅತಿ ದೊಡ್ಡ ವ್ಯಾಕರಣ ಪುಸ್ತಕ ಬರೆದದ್ದು ಈ ಹೊರಗಿನವನೇ. ಅದರ ಹೆಸರು ಬರೀ ಅಲ್‌ಕಿತಾಬ್, ಅಂದರೆ ಪುಸ್ತಕ. ಅದರಲ್ಲಿ ಹೆಸರು ಹೇಳದೆ, ನಾನು ಅವರನ್ನು ಕೇಳಿದೆ ಎಂದು ಬರೆದಲ್ಲೆಲ್ಲ ಆ ಅವರು ಖಲೀಲ್.

ನನ್ನೂರು ಬೀಚನಹಳ್ಳಿ, ಕಬಿನಿ ಅಣೆಕಟ್ಟಿನ ಊರು. ವಯನಾಡಿನಿಂದ ಬರುವ ಹೊಳೆಯ ದಡದಲ್ಲಿ ನಮಗೆ ಭಾಷೆಗೆ ಬರವಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲೂ ಶಾಲೆಯಲ್ಲೂ ಕನ್ನಡ, ಮದ್ರಸದಲ್ಲಿ ಅರಬ್ಬಿ, ಸಂತೆಯಲ್ಲಿ ಅಷ್ಟಿಷ್ಟು ಮಲಯಾಳ. ಆದರೂ ಪಿಯುಸಿಗೆ ಬಂದು ಭೌತಶಾಸ್ತ್ರ, ರಸಾಯನಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕೇಳಿದಾಗ ತಲೆ ತಗ್ಗುತ್ತದೆ. ಇಂಗ್ಲಿಷಿಗೆ ಹೆದರಿ ಟಿಸಿ ತೆಗೆದುಕೊಂಡು ಹೋಗಿಬಿಡೋಣ ಎಂದವರನ್ನು ನಾನು ಬಲ್ಲೆ. ಲೆಕ್ಕದಲ್ಲಿ ಜಾಣೆಯರಾದವರೇ ಎದ್ದು ನಿಂತು ಓದಬೇಕಾದಾಗ ಬಾಯಿ ಬಿಡುವುದಿಲ್ಲ. ಯಾರೋ ಹಿಂದಿನ ಬೆಂಚಿನಲ್ಲಿ ಕಿಸಕ್ಕೆನ್ನುತ್ತಾರೆ ಎಂಬ ಭಯ. ಕಿಸಕ್ಕೆನ್ನುವವರೂ ನಮ್ಮವರೇ. ಅವರು ಹಮ್ಮಾದರ ಪಾಠದ ದಿನವನ್ನು ನೆನೆಯಲಿ. ಅಂದು ತಪ್ಪಿದ ಹುಡುಗನ ಪುಸ್ತಕವನ್ನು ಅರಬ್ಬರೇ ಓದಿ ಅರಬ್ಬಿ ಕಲಿತರು.

ಮುಗಿಯದ ಪುಸ್ತಕ

ಖಲೀಲರಿಗೆ ಗುಟ್ಟಿನ ಬರಹಗಳನ್ನು ಬಿಡಿಸುವುದೂ ಗೊತ್ತಿತ್ತು ಎಂದು ಹೇಳುತ್ತಾರೆ. ಗ್ರೀಕ್ ಭಾಷೆಯ ಒಂದು ಪತ್ರ ಬಂದಾಗ ಒಂದು ತಿಂಗಳು ಒಬ್ಬರೇ ಕೂತು ಅದನ್ನು ಬಿಡಿಸಿದರಂತೆ. ಪತ್ರ ದೇವರ ಹೆಸರಿನಿಂದಲೇ ಶುರುವಾಗಿರಬೇಕು ಎಂದು ಊಹಿಸಿ, ಆ ಅಕ್ಷರಗಳನ್ನು ಹಿಡಿದು ಉಳಿದವನ್ನು ತೆರೆದರು. ಗೊತ್ತಿರುವ ಒಂದು ತುದಿ ಸಿಕ್ಕರೆ ಗೊತ್ತಿಲ್ಲದ್ದನ್ನು ಎಳೆಯಬಹುದು.

ಕಿತಾಬ್ ಅಲ್‌ಐನ್ ಮುಗಿಯುವುದನ್ನು ಅವರು ನೋಡಲಿಲ್ಲ. ಯೋಜನೆ ಅವರದು, ಅದನ್ನು ಪೂರ್ಣಗೊಳಿಸಿದವರು ಖುರಾಸಾನಿನ ಶಿಷ್ಯ ಅಲ್‌ಲೈಸ್ ಎಂದು ಹೆಚ್ಚಿನವರ ಅಭಿಪ್ರಾಯ. ಖಲೀಲ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಹಿಜರಿ 248ರಲ್ಲಿ, ಅಂದರೆ ಕ್ರಿ.ಶ. 862ರಲ್ಲಿ, ಖುರಾಸಾನಿನಿಂದ ಬಂದ ಪುಸ್ತಕ ವ್ಯಾಪಾರಿಯೊಬ್ಬ ಅದನ್ನು 48 ಭಾಗಗಳಲ್ಲಿ ಬಸ್ರಾಕ್ಕೆ ತಂದು 50 ದೀನಾರಿಗೆ ಮಾರಿದ. ಅವರದೇ ಊರಿಗೆ ಅವರ ಪುಸ್ತಕ ಹಾಗೆ ತಲುಪಿತು. ಸ್ಪೇನ್‌ನವರೆಗೂ ನಿಘಂಟುಕಾರರು ಅವರ ದಾರಿಯಲ್ಲಿ ನಡೆದರು.

ಅವರ ಸಾವು ಹಿಜರಿ 170 ಮತ್ತು 175ರ ನಡುವೆ ಆಯಿತು ಎನ್ನುತ್ತಾರೆ. ಕೆಲಸದ ಹುಡುಗಿಯೊಬ್ಬಳು ಅಂಗಡಿಗೆ ಹೋದರೆ ಅಂಗಡಿಯವ ಮೋಸ ಮಾಡಲಾಗದಂಥ ಸುಲಭ ಲೆಕ್ಕದ ವಿಧಾನವೊಂದನ್ನು ಹುಡುಕಬೇಕೆಂದು ಅವರು ಯೋಚಿಸುತ್ತಿದ್ದರಂತೆ. ಅದೇ ಗುಂಗಿನಲ್ಲಿ ಮಸೀದಿಯೊಳಗೆ ಬಂದವರು ಎದುರಿನ ಕಂಬ ಕಾಣದೆ ಡಿಕ್ಕಿ ಹೊಡೆದು ಬಿದ್ದರು. ಅದರಿಂದಲೇ ತೀರಿಕೊಂಡರು ಎಂದು ಚರಿತ್ರೆಕಾರ ಇಬ್ನ್ ಖಲ್ಲಿಕಾನ್ ಬರೆದಿದ್ದಾರೆ. ಕೋಟಿಯವರೆಗೆ ಎಣಿಸಿದ ಇಮಾಮರು ಕೊನೆಗೆ ಎಣಿಸುತ್ತಿದ್ದದ್ದು ಒಬ್ಬ ಬಡ ಹುಡುಗಿಯ ಚಿಲ್ಲರೆಯನ್ನು. ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ.

ಸಹಪಾಠಿಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎ, ಇ, ಎಲ್, ಎಸ್, ಟಿ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಬರೆಯಿರಿ. ಜೋಡಣೆಗಳು 120. ಎಲ್ಲವನ್ನೂ ಬರೆಯಬೇಕಾಗಿಲ್ಲ. ಕದಿಯುವುದು, ಕಥೆಗಳು, ಹಳಸಿದ್ದು, ಎಲ್ಲಕ್ಕಿಂತ ಕಡಿಮೆ, ಈ ನಾಲ್ಕು ಅರ್ಥದ ಪದಗಳು ಅದರಲ್ಲಿವೆ, ಹುಡುಕಿ. ಸಿಕ್ಕ ಪ್ರತಿಯೊಂದು ಪದದಿಂದ ಒಂದೊಂದು ವಾಕ್ಯ ಮಾಡಿ, ಗಟ್ಟಿಯಾಗಿ ಹೇಳಿ. ಬಳಸಿದ ಪದ ಮುಸ್ತಅಮಲ್, ಬಳಸದೆ ಬಿಟ್ಟದ್ದು ಮುಹ್ಮಲ್. ಐದನೆಯ ಪದವೊಂದಿದೆ, ಅದನ್ನು ನಾನೇ ಹೇಳಿಬಿಡುತ್ತೇನೆ, ಏಕೆಂದರೆ ಅದು ನಮಗೆಲ್ಲ ಒಂದನೇ ತರಗತಿಯಿಂದ ಗೊತ್ತು. ಸ್ಲೇಟ್.